ಸುರಂಗದ ದಾರಕ್ಕೆ ನಾನು ಕಟ್ಟಿದ ಬಾಣಗಳು

ಗುಂಡ್ಯಾ, ಚಿಮಣಿ, ರಜೆಗೆ ತಿಕೋಟಾಕ್ಕೆ ಬಂದಾಗಲೆಲ್ಲ ನೀವಿಬ್ಬರೂ ದೇವರ ಜಗುಲಿಯ ಪಕ್ಕದ ಮೊಳೆಗೆ ತೂಗುಹಾಕಿದ ಮೂರು ಮೂಲೆಯ ಹಳದಿ ಪ್ಲಾಸ್ಟಿಕ್ ತುಂಡನ್ನು ಮುಟ್ಟಿ ನೋಡುತ್ತೀರಿ. ಹೋದ ಸಲ ಚಿಮಣಿ, “ಇದು ಯಾವ ದೇವರದು, ಆಯಿ?” ಎಂದು ಕೇಳಿದಳು. ಒಲೆಯ ಮೇಲೆ ಹಾಲಿದೆ ಎಂದು ನೆಪ ಹೇಳಿ ನಾನು ಒಳಗೆ ಹೋದೆ. ಊರ ಬಾವಿಯ ಸುರಂಗದ ಕಥೆಯನ್ನು ನಿಮ್ಮ ಅವ್ವ ನಿಮಗೆ ಹೇಳಿದ್ದಾಳೆ, ನನಗೆ ಗೊತ್ತು. ಆದರೆ ಹೇಳುವಾಗ ಅದರಲ್ಲಿ ಈ ತುಂಡನ್ನೂ ನನ್ನ ಪಾಲನ್ನೂ ಬಿಟ್ಟುಬಿಡುತ್ತಾಳೆ. ನಾನು ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ, ನಿಮ್ಮ ಮುಂದೆಯೂ ಮಾತು ಸರಿಯಾಗಿ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ತವರು ಬಬಲೇಶ್ವರದ ಹತ್ತಿರದ ಜೈನಾಪುರ. ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದೆ. ಲಗ್ನವಾಗಿ ತಿಕೋಟಾಕ್ಕೆ ಬಂದ ಮೇಲೆ ಕಲಿತದ್ದು ಒಂದೇ ವಿದ್ಯೆ, ದ್ರಾಕ್ಷಿ ಬಳ್ಳಿ ಕಟ್ಟುವುದು. ಬಳ್ಳಿಯ ಹಳೆಯ ಕಡ್ಡಿ ಕತ್ತರಿಸಿ ಸವರಿದ ಮೇಲೆ ಹೊಸ ಕಡ್ಡಿಗಳು ಚಿಗುರುತ್ತವೆ. ಅವನ್ನು ಒಂದೊಂದಾಗಿ ತಂತಿಗೆ ಸುತಳಿಯಿಂದ ಕಟ್ಟಬೇಕು. ನಮ್ಮ ಅತ್ತೆ ಕಲಿಸಿದ ಗಂಟು ಹೀಗೆ: ಎರಡು ಸುತ್ತು, ಒಂದು ಕುಣಿಕೆ, ಬೆರಳುದ್ದದ ಬಾಲ. ಬುಡದಿಂದ ಕುಡಿಯ ಕಡೆಗೆ ಕಟ್ಟುತ್ತ ಹೋಗಬೇಕು, ಬಾಲ ಯಾವಾಗಲೂ ಕುಡಿಯ ಕಡೆಗೇ ಇರಬೇಕು. ಮುಂದಿನ ಸಲ ಸವರುವವರು ಕುಡಿಯಿಂದ ಬುಡಕ್ಕೆ ಬರುತ್ತಾರೆ. ಬಾಲ ಅವರ ಕೈಗೆ ತಾನಾಗಿ ಸಿಗುತ್ತದೆ, ಎಳೆದರೆ ಗಂಟು ಬಿಚ್ಚಿ ಕಡ್ಡಿಗೆ ಗಾಯವಾಗುವುದಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೂ ನನ್ನ ಕೈ ಆ ಕೆಲಸ ಬಿಡಲಿಲ್ಲ. ಮೂವತ್ತು ವರ್ಷ ಕಟ್ಟಿದ್ದೇನೆ. ಕಣ್ಣು ಬೇರೆಲ್ಲೋ ಇದ್ದರೂ ಬೆರಳು ಗಂಟು ಹಾಕಿ ಮುಂದಕ್ಕೆ ಹೋಗಿರುತ್ತದೆ. ನಿಮ್ಮ ಅವ್ವ ಸಣ್ಣವಳಿದ್ದಾಗ ಶಾಲೆಗೆ ರಜೆ ಬಂದರೆ ನನ್ನ ಜೊತೆ ಬಂದು ಆ ಬಾಲಗಳನ್ನು ಎಳೆಯುತ್ತಿದ್ದಳು. ಅವಳಿಗೆ ಅದು ಆಟ.

ಮಧ್ಯಾಹ್ನ ತೋಟದ ಬಾವಿಗೆ ಹಾರುವುದು ಇನ್ನೊಂದು ಆಟ. ಆ ಆಟವೇ ಅವಳನ್ನು ವಿಜಯಪುರದ ಈಜುಕೊಳಕ್ಕೆ ಕರೆದೊಯ್ದಿತು. ಅಲ್ಲಿ ಈಜು ಕಲಿಸುತ್ತಿದ್ದ ಮಾಸ್ತರರು ಶಹರದ ಹಳೆಯ ಮುಸಲ್ಮಾನ ಮನೆತನದವರು, ಅವರ ತಂದೆ ಬೀಗ ರಿಪೇರಿ ಮಾಡುತ್ತಿದ್ದರು. ಮಾಸ್ತರರೇ ಮುಂದೆ ಅವಳನ್ನು ಸಮುದ್ರದ ಕಡೆಗೆ ಕರೆದುಕೊಂಡು ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿಸಿದರು. ಆಮೇಲೆ ಇಬ್ಬರೂ ಹೊರದೇಶಕ್ಕೆ ಹೋಗಿ, ನೀರು ತುಂಬಿದ ಗುಹೆಯೊಳಗೆ ಹೋಗಿ ಬರುವ ವಿದ್ಯೆ ಕಲಿತು ಬಂದರು. ಗುಹೆ ಸಮುದ್ರದ ಹಾಗಲ್ಲ ಎಂದು ನಿಮ್ಮ ಅವ್ವ ಹೇಳಿದ್ದಳು. ಅಲ್ಲಿ ಹೆದರಿಕೆಯಾದರೆ ಮೇಲಕ್ಕೆ ಏಳಲು ಬರುವುದಿಲ್ಲ, ಮೇಲಿರುವುದು ಕಲ್ಲು. ಬಂದ ದಾರಿಯಲ್ಲೇ ವಾಪಸ್ ಬರಬೇಕು.

ಆ ವಿದ್ಯೆ ನಮ್ಮ ಊರಿಗೇ ಬೇಕಾಗುತ್ತದೆ ಎಂದು ಯಾರು ಎಣಿಸಿದ್ದರು? ಊರ ಹೊರಗಿನ ಹಳೆಯ ಬಾವಿಗೆ ಪಕ್ಕದಲ್ಲಿ ಒಂದು ಸುರಂಗವಿದೆ. ಹಿಂದಿನ ಕಾಲದವರು ಒಂದು ಬಾವಿಯಿಂದ ಇನ್ನೊಂದಕ್ಕೆ ನೀರು ಹೋಗಲಿ ಎಂದು ಕಡಿದದ್ದು. ನಾನು ಬಂದಾಗ ಅದು ಒಣಗಿ ಬಾವಲಿಗಳ ಮನೆಯಾಗಿತ್ತು. ಕಾಲುವೆಯ ನೀರು ಬಂದು ಕೆರೆ ತುಂಬಿದ ಮೇಲೆ ಬಾವಿಯೂ ತುಂಬಿತು, ಸುರಂಗ ನೀರಿನ ಕೆಳಗೆ ಹೋಯಿತು. ಅಷ್ಟರಲ್ಲಿ ಬಾವಿಯ ಪಕ್ಕದ ಜಾಗದಲ್ಲಿ ಊರಿಗೆ ಕುಡಿಯುವ ನೀರಿನ ಟಾಕಿ ಕಟ್ಟಬೇಕೆಂದಾಯಿತು. ಅಡಿಯಲ್ಲಿ ಸುರಂಗ ಎಲ್ಲಿಯವರೆಗೆ ಹೋಗಿದೆ ಎಂಬುದು ಬದುಕಿದವರಾರಿಗೂ ಗೊತ್ತಿರಲಿಲ್ಲ. ಪೊಳ್ಳು ನೆಲದ ಮೇಲೆ ಟಾಕಿ ನಿಲ್ಲುವುದಿಲ್ಲ. ಹಾಗಾಗಿ ಮಾಸ್ತರರನ್ನೂ ನಿಮ್ಮ ಅವ್ವನನ್ನೂ ಕರೆಸಿದರು. ಗುಂಡ್ಯಾ ಆಗ ಒಂದನೆಯ ಇಯತ್ತೆ, ಚಿಮಣಿ ಅಂಗನವಾಡಿ. ನೀವಿಬ್ಬರೂ ವಿಜಯಪುರದಲ್ಲಿ ನಿಮ್ಮ ಅಪ್ಪನ ಜೊತೆ ಇದ್ದಿರಿ.

ಮೊದಲ ದಿನ ಇಬ್ಬರೂ ಸುರಂಗದ ಬಾಯಿಯವರೆಗೆ ಹೋಗಿ ನೋಡಿ ಬಂದರು. ಒಳಗೆ ಇಬ್ಬರು ಹಿಡಿಸುವುದಿಲ್ಲ, ಒಬ್ಬರೇ ಹೋಗಬೇಕು. ಕೆಸರು ಬಹಳ, ಕೈ ಅಲ್ಲಾಡಿಸಿದರೆ ದೀಪವೂ ಕಾಣುವುದಿಲ್ಲ. ಒಳಗೆ ಹೋಗುವವರು ರೀಲಿನಿಂದ ಬಿಳಿ ನೈಲಾನ್ ದಾರ ಬಿಚ್ಚುತ್ತ ಹೋಗುತ್ತಾರೆ. ವಾಪಸ್ ಬರಲು ಆ ದಾರವೇ ಗತಿ. ಆದರೆ ಕತ್ತಲಲ್ಲಿ ದಾರ ಹಿಡಿದವರಿಗೆ ಅದು ಎರಡೂ ಕಡೆಗೆ ಹೋಗುತ್ತದೆ. ಯಾವ ಕಡೆ ಹೊರಗು ಎಂದು ಹೇಳುವುದಕ್ಕೆ ದಾರದ ಮೇಲೆ ಬಾಣದಂಥ ತುಂಡುಗಳನ್ನು ಸಿಕ್ಕಿಸುತ್ತಾರೆ. ಅವರು ತಂದಿದ್ದ ಬಾಣಗಳು ಕಡಿಮೆ ಬಿದ್ದವು, ಅವನ್ನು ಪಕ್ಕಕ್ಕಿಟ್ಟರು. ನಿಮ್ಮ ಅವ್ವ ಒಣದ್ರಾಕ್ಷಿ ತುಂಬುವ ಒಂದು ಒಡಕು ಹಳದಿ ಕ್ರೇಟನ್ನು ಕತ್ತರಿಸಿ ಮೂವತ್ತು ಬಾಣ ಮಾಡಿದಳು. ಅವು ಜಾರಿ ತಿರುಗದಂತೆ ಎರಡು ಮಾರಿಗೊಂದರಂತೆ ಸುತಳಿಯಿಂದ ಬಿಗಿಯಬೇಕಿತ್ತು.

ನಮ್ಮ ಪಡಸಾಲೆಯ ಎರಡು ಕಂಬಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದಳು. ಒಂದು ಪಾಲು ಮುಗಿದರೆ ಅದನ್ನು ಸುತ್ತಿಟ್ಟು ಮುಂದಿನ ಪಾಲನ್ನು ಎಳೆಯುವುದು. ಮೊದಲ ಎಂಟು ಬಾಣಗಳನ್ನು ಅವಳೇ ಕಟ್ಟಿದಳು, ಮೂರು ಸುತ್ತು ಸುತ್ತಿ ಬಾಲವನ್ನು ಬುಡಕ್ಕೇ ಕತ್ತರಿಸಿ. ಬೆಳಗಿನಿಂದ ನೀರಲ್ಲಿದ್ದು ಅವಳ ಬೆರಳು ಬೆಂಡಾಗಿದ್ದವು.

“ಬಿಡವಾ, ನಾ ಕಟ್ತೀನಿ. ನೀ ಒಂದೀಟು ಅಡ್ಡಾಗು,” ಎಂದೆ.

“ಇಲ್ಲೆ ನೋಡಬೇ. ಈ ಕಂಬದ ಕಡೆದು ಬಾವಿ. ಮೊನಿ ಯಾವಾಗಲೂ ಈ ಕಡೆನ ಇರಬೇಕು. ಒಳಗ ಹೋದಾಕಿಗೆ ಒಳಗಿನ ದಾರಿ ಬ್ಯಾಡ, ಹೊರಗಿನ ದಾರಿ ಬೇಕು.”

“ತಿಳೀತು. ಮೂವತ್ತು ವರ್ಷ ಕಟ್ಟೇನಿ, ಇದೇನು ದೊಡ್ಡದು.”

ತಿಳಿದಿತ್ತು, ಅದು ಸುಳ್ಳಲ್ಲ. ಆದರೆ ಎರಡು ಕಂಬಗಳ ನಡುವೆ ಎದೆಮಟ್ಟಕ್ಕೆ ಬಿಗಿದ ದಾರದ ಮುಂದೆ ಸುತಳಿ ಹಿಡಿದು ನಿಂತ ಕೂಡಲೇ ನನ್ನ ಕೈ ತೋಟಕ್ಕೆ ಹೋಯಿತು. ಬಾವಿಯ ಕಡೆಯ ಕಂಬ ಅದಕ್ಕೆ ಬುಡವಾಯಿತು. ಬುಡದಿಂದ ಕುಡಿಗೆ, ಬುಡದಿಂದ ಕುಡಿಗೆ ಎಂದು ಅದು ನಡೆಯಿತು. ಗಂಟಿನ ಬಾಲ ಕುಡಿಯ ಕಡೆ. ಬಾಲ ಎತ್ತಲೋ ಮೊನೆಯೂ ಅತ್ತಲೇ ಚೆಂದ ಕೂತಿತು. ನಾನು ಮನಸ್ಸಿನಲ್ಲಿ ನಾಳೆ ಎಷ್ಟು ಜನಕ್ಕೆ ರೊಟ್ಟಿ ಬಡಿಯಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಇಪ್ಪತ್ತೆರಡು ಬಾಣ ಕಟ್ಟಿದೆ. ಬಿಸಿಲು ಇಳಿಯುವ ಮೊದಲೇ ಮುಗಿಯಿತು. ರೀಲಿಗೆ ಅಷ್ಟೂ ಹಿಡಿಸುವುದಿಲ್ಲವೆಂದು, ಸುತ್ತುವ ಮೊದಲೇ, ದಾರದ ಸುರಂಗದ ಕಡೆಯ ತುದಿಯಲ್ಲಿ ನನ್ನ ಮೂರು ಬಾಣವಿದ್ದ ಒಂದು ತುಂಡು ಹೆಚ್ಚಾಯಿತು. ನಿಮ್ಮ ಅವ್ವ ಅದನ್ನು ಕತ್ತರಿಸಿ, ಎಳೆ ಬಿಚ್ಚದಂತೆ ಕತ್ತರಿಸಿದ ಜಾಗದಲ್ಲಿ ರೀಲಿನ ದಾರದ ಕೊನೆಯನ್ನೂ ತುಂಡಿನ ಕೊನೆಯನ್ನೂ ಕಡ್ಡಿ ಗೀರಿ ಸುಟ್ಟು, ತುಂಡನ್ನು ಪಕ್ಕಕ್ಕೆ ಎಸೆದಳು. ನಾನು ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸುತಳಿಯ ತುಂಡನ್ನೂ ಕಸಕ್ಕೆ ಹಾಕದ ರೂಢಿ ನನ್ನದು.

ಮರುದಿನ ಬಾವಿಯ ಸುತ್ತ ಹದಿನೈದು ಇಪ್ಪತ್ತು ಗಂಡಸರು ಸೇರಿದ್ದರು. ಊರ ಹಿರಿಯರು, ಟಾಕಿಯ ಕೆಲಸದ ಸಾಹೇಬರು, ಬಾವಿಯ ಪಕ್ಕದ ತೋಟದ ಯಜಮಾನರು. ಈ ಯಜಮಾನರು ನಿಮ್ಮ ಅಜ್ಜನಿಗೆ ದೊಡ್ಡಪ್ಪನ ಮಗ, ಅಣ್ಣನಾಗಬೇಕು. ಅವರ ಮುಂದೆ ನಾನು ಅಲ್ಲಿಯವರೆಗೆ ಸೆರಗು ಸರಿಸಿದವಳೂ ಅಲ್ಲ, ದನಿ ಎತ್ತಿದವಳೂ ಅಲ್ಲ. ದಂಡೆಯ ಮೇಲೆ ಕೂತ ಹೆಂಗಸೆಂದರೆ ನಾನೊಬ್ಬಳೇ. ಬುತ್ತಿಯ ಗಂಟು ಇಟ್ಟುಕೊಂಡು ಮೆಟ್ಟಿಲ ಮೇಲ್ಗಡೆ ಒಂದು ಮೂಲೆಯಲ್ಲಿ ಕೂತಿದ್ದೆ.

ಇಳಿಯುವ ಮೊದಲು ಮಾಸ್ತರರು ರೀಲು ತಿರುಗಿಸಿ, “ಬಾಣ ಎಲ್ಲಾ ನೋಡೀಯೇನು?” ಎಂದು ಕೇಳಿದರು.

“ಮೊದಲಿನವು ನಾ ಕಟ್ಟಿದ್ದು. ಉಳದದ್ದು ನಮ್ಮವ್ವ ಕಟ್ಟ್ಯಾಳ,” ಎಂದಳು ನಿಮ್ಮ ಅವ್ವ. ಆ ಮಾತು ಸಾಕೆಂಬಂತೆ ಇಬ್ಬರೂ ಸುಮ್ಮನಾದರು. ದಾರದ ಕೊನೆಯನ್ನು ಕೆಳಗಿನ ಮೆಟ್ಟಿಲ ಕಲ್ಲಿಗೆ ಬಿಗಿದು ಆಕೆ ನೀರಿಗಿಳಿದಳು. ಉಸಿರಿನ ಬುರುಗು ಒಂದು ಕ್ಷಣ ಕಂಡಿತು, ಸುರಂಗದ ಬಾಯಿಯ ಕಡೆ ಸರಿಯಿತು, ಆಮೇಲೆ ಅದೂ ಇಲ್ಲ.

ಸಿಲಿಂಡರಿನ ಗಾಳಿಯಲ್ಲಿ ಮೂರು ಪಾಲು. ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ, ಒಂದು ಮುಟ್ಟದೆ ಇಟ್ಟುಕೊಳ್ಳುವುದಕ್ಕೆ. ನಲವತ್ತು ನಿಮಿಷಕ್ಕೆ ಬಾರದಿದ್ದರೆ ತಾವು ಒಳಗೆ ಹೋಗುವುದಾಗಿ ಮಾಸ್ತರರು ಹೇಳಿದ್ದರು. ತಾವೂ ಸಿಲಿಂಡರ್ ಕಟ್ಟಿಕೊಂಡು ಕೆಳಗಿನ ಮೆಟ್ಟಿಲ ಮೇಲೆ, ಕಾಲು ನೀರಲ್ಲಿ ಬಿಟ್ಟು ಕೂತಿದ್ದರು.

ಇಪ್ಪತ್ತು ನಿಮಿಷಕ್ಕೇ ಯಜಮಾನರಿಗೆ ತಾಳ್ಮೆ ಹೋಯಿತು. “ಏನೋ ಮಾಸ್ತರ, ನಿಮ್ಮ ಹುಡುಗಿ ಒಳಗ ಸಂಸಾರ ಹೂಡಿದಳೇನು?”

“ಇನ್ನೂ ಹೊತ್ತೈತ್ರಿ ಕಾಕಾ. ನೀವು ಮ್ಯಾಲಿಂದ ಮಣ್ಣು ಉದುರಸಬ್ಯಾಡ್ರಿ.”

“ಮಣ್ಣು ನಂದ ಅಲ್ಲೇನು, ಉದುರಸ್ತೀನಿ. ಅಲ್ಲೋ, ಕತ್ತಲದಾಗ ಆ ಬಾಣ ಹೆಂಗ ಕಾಣ್ತೈತಿ?”

“ಕಾಣೂದ ಬ್ಯಾಡ್ರಿ, ಮುಟ್ಟಿದರ ಸಾಕು. ಮೊನಿ ಯಾವ ಕಡೆ ಐತಿ, ಆ ಕಡೆ ಹೊರಗ. ತಲಿ ಓಡಸಬಾರದು, ಬಾಣ ಹೇಳಿದಂಗ ಕೇಳಬೇಕು.”

“ಇಂಥಾದೊಂದು ದಾರ ಊರಾಗಿನ ಸೆರೇ ಅಂಗಡಿಯಿಂದ ನಮ್ಮ ಸಣ್ಣ ತಮ್ಮನ ಮನೀ ತನಕ ಕಟ್ಟಿಕೊಡೋ. ಸಂಜಿ ಮುಂದ ಅವ ಬ್ಯಾರೆಯವರ ಮನಿಗೆ ಹೊಕ್ಕಾನ.”

ಎಲ್ಲರೂ ನಕ್ಕರು. ನನಗೂ ಸೆರಗಿನೊಳಗೆ ನಗು ಬಂತು. ಆ ನಗುವಿನಲ್ಲೇ ನನ್ನ ಕೈ ಸೊಂಟದ ದಾರದ ತುಂಡನ್ನು ಎಳೆದು, ಜಪದ ಮಣಿ ಎಣಿಸಿದ ಹಾಗೆ ಬಾಣಗಳನ್ನು ಸವರುತ್ತಿತ್ತು. ಹೆಬ್ಬೆರಳಿಗೆ ಒಂದು ಕಡೆ ಸುಟ್ಟು ಗಟ್ಟಿಯಾದ ಕೊನೆ ಹತ್ತಿತು. ಸುಟ್ಟ ಕೊನೆ ರೀಲಿನಿಂದ ಕತ್ತರಿಸಿದ್ದು. ಅಂದರೆ ಬಾವಿಯ ಕಡೆಯದು. ಮೊನೆ ಸುಟ್ಟ ಕೊನೆಯ ಕಡೆ ಇರಬೇಕಿತ್ತು.

ಮೊನೆ ಆಚೆ ಇತ್ತು. ಎರಡನೆಯದೂ ಆಚೆ. ಮೂರನೆಯದೂ.

ಮಕ್ಕಳೇ, ನಾನು ಆಗಲೇ ಎದ್ದು ಹೇಳಲಿಲ್ಲ. ಇದನ್ನೇ ನಿಮ್ಮ ಅವ್ವ ನಿಮಗೆ ಹೇಳುವುದಿಲ್ಲ, ಏಕೆಂದರೆ ಆಕೆಗೂ ಇದು ಗೊತ್ತಿಲ್ಲ. ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದೆ. ಬರೀ ಈ ಮೂರು ತಪ್ಪಿರಬಹುದು ಎಂದುಕೊಂಡೆ. ಸುಟ್ಟದ್ದು ಇನ್ನೊಂದು ಕೊನೆಯೇನೋ ಎಂದುಕೊಂಡೆ. ಇಷ್ಟು ಗಂಡಸರ ನಡುವೆ ಇಳಿದು ಹೋಗಿ, ನನ್ನ ಮಗಳನ್ನು ನಾನೇ ಒಳಗಿನ ದಾರಿಗೆ ಹಚ್ಚಿದ್ದೇನೆ ಎಂದು ಹೇಗೆ ಹೇಳಲಿ ಎಂದುಕೊಂಡೆ. ನಾಲ್ಕು ನಿಮಿಷವೋ ಐದೋ. ನಿಮ್ಮ ಅವ್ವನ ಗಾಳಿಯಲ್ಲಿ ಅಷ್ಟನ್ನು ನನ್ನ ನಾಚಿಕೆ ತಿಂದಿತು.

ಆಮೇಲೆ ಕಾಲು ತಾನಾಗಿ ಇಳಿಯಿತು. ಯಜಮಾನರು, “ತಂಗಿ, ಮ್ಯಾಲ ಕುಂದ್ರು, ಪಾಚಿ ಐತಿ,” ಎಂದರು. ನಾನು ಇಳಿದೆ. ಮಾಸ್ತರರ ಹಿಂದೆ ನಿಂತು ಏನೋ ಅಂದೆ, ನನಗೇ ಕೇಳಿಸಲಿಲ್ಲ. ಅವರು ತಿರುಗಲಿಲ್ಲ. ಅವರ ಕೈಯಲ್ಲಿ ಆ ತುಂಡನ್ನೇ ಇಟ್ಟೆ.

“ಸುಟ್ಟದ್ದು ಬಾವಿ ಕಡೆದರಿ,” ಎಂದೆ. “ಮೊನಿ ನೋಡ್ರಿ.”

ನೋಡಿದರು. ಮುಖದ ನಗು ಅಲ್ಲಿಯೇ ನಿಂತಿತು.

“ಎಷ್ಟು ಹಿಂಗದಾವ, ಅವ್ವಾರ?”

“ಮೊದಲಿನ ಎಂಟು ಆಕಿ ಕಟ್ಟ್ಯಾಳ. ಉಳದದ್ದೆಲ್ಲಾ ನಂದು.”

ಮಾಸ್ತರರು ತಟ್ಟನೆ ಎದ್ದರು. ಗಡಿಯಾರ ನೋಡಿ, “ಇಪ್ಪತ್ತೇಳು ನಿಮಿಷ ಆತು,” ಎಂದರು. “ಈ ದಾರ ಯಾರೂ ಮುಟ್ಟದಂಗ ನೋಡ್ಕೋರಿ,” ಎಂದು ಕೊಳವೆ ಬಾಯಿಗಿಟ್ಟುಕೊಂಡು ಮುಳುಗಿದರು.

ಮೇಲೆ ಗದ್ದಲವಾಯಿತು. ಏನಾಯಿತು, ಯಾಕೆ ಹೋದ ಎಂದು ಎಲ್ಲರೂ ಕೇಳುವವರೇ. ಇಬ್ಬರು ಗಟ್ಟಿ ಆಳುಗಳು ಮೆಟ್ಟಿಲಿಳಿದು ಬಂದರು. ಒಬ್ಬ ದಾರಕ್ಕೆ ಕೈ ಹಾಕಿದ. “ಎಳದು ಬಿಡೂಣು. ಹಿಡಕೊಂಡಿದ್ದರ ಆಕೀನೂ ಬರ್ತಾಳ.” ಕೊಡ ಬಿದ್ದರೆ, ಮೋಟಾರು ಬಿದ್ದರೆ ನಮ್ಮಲ್ಲಿ ಹಾಗೇ ಎಳೆಯುವುದು. ಆದರೆ ಎಳೆದರೆ ದಾರ ಕಲ್ಲಿನ ಸಂದಿಗೆ ಸಿಕ್ಕಿ ಹರಿಯುತ್ತದೆ ಎಂದು ನಿಮ್ಮ ಅವ್ವ ಹೇಳಿದ್ದು ನನಗೆ ನೆನಪಿತ್ತು. ಹರಿದರೆ ತಪ್ಪು ಬಾಣವೂ ಇಲ್ಲ, ಸರಿ ಬಾಣವೂ ಇಲ್ಲ.

ನಾನು ದಾರ ಕಟ್ಟಿದ ಕಲ್ಲಿನ ಮೇಲೆ, ನೀರಲ್ಲಿಯೇ ಕೂತುಬಿಟ್ಟೆ. “ಕೈ ತಗೀರಿ,” ಎಂದೆ. “ಆಕಿ ಅದನ್ನ ಹಿಡಕೊಂಡು ಬರಾಕತ್ತ್ಯಾಳ. ಯಾರೂ ಮುಟ್ಟಬ್ಯಾಡ್ರಿ.”

ಬಾವಿಯ ಗೋಡೆಗೆ ಬಡಿದು ನನ್ನ ದನಿ ತಿರುಗಿ ಬಂತು. ಆಳು ಕೈ ತೆಗೆದ. ಮೇಲಿನಿಂದ ಯಜಮಾನರು, “ಆಕಿ ಹೇಳಿದಂಗ ಕೇಳ್ರಿ. ಮ್ಯಾಲ ಬರ್ರಲೇ,” ಎಂದರು.

ಒಂದು ಬೆರಳನ್ನು ಮಾತ್ರ ದಾರದ ಕೆಳಗೆ ಇಟ್ಟು ಕೂತಿದ್ದೆ, ಎತ್ತದೆ, ಒತ್ತದೆ. ಅದು ಸತ್ತ ತಂತಿಯ ಹಾಗಿತ್ತು. ಸೊಂಟದವರೆಗೆ ನೀರು ತಣ್ಣಗೆ ಕೊರೆಯುತ್ತಿತ್ತು. ಗಡಿಯಾರ ನನ್ನ ಹತ್ತಿರ ಇರಲಿಲ್ಲ. ಒಳಗೆ ನನ್ನ ಹತ್ತೊಂಬತ್ತು ಬಾಣಗಳು ಒಂದರ ಹಿಂದೊಂದು, ಹೀಗೆ ಹೋಗು ಹೀಗೆ ಹೋಗು ಎಂದು ಅವಳನ್ನು ಒಳಗೆ ಕಳಿಸುವುದು ಕಣ್ಣಿಗೆ ಕಟ್ಟುತ್ತಿತ್ತು. ನನ್ನ ಗಂಟುಗಳು ಬಿಗಿಯಾಗಿಯೇ ಇರುತ್ತವೆ, ಒಂದೂ ಸಡಿಲಾಗುವುದಿಲ್ಲ ಎಂಬುದು ಆಗ ದೊಡ್ಡ ಹೆದರಿಕೆಯಾಯಿತು.

ಬಹಳ ಹೊತ್ತಿನ ಮೇಲೆ ದಾರ ಸಣ್ಣಗೆ ನಡುಗಿತು. ಮತ್ತೆ ನಿಂತಿತು. ಆಮೇಲೆ ನಡುಗುತ್ತಲೇ ಇತ್ತು, ದೂರದಿಂದ ಯಾರೋ ಬೆರಳಿನಿಂದ ಸವರಿಕೊಂಡು ಬರುವ ಹಾಗೆ. ಸುರಂಗದ ಬಾಯಲ್ಲಿ ಕೆಂಪು ಕೆಸರಿನ ನೀರು ಹೊಗೆಯಂತೆ ಹೊರಬಂತು. ಅದರೊಳಗಿಂದ ಒಂದು ಬೆಳಕು. ಬೆಳಕಿನ ಹಿಂದೆ ಇನ್ನೊಂದು.

ನಿಮ್ಮ ಅವ್ವ ಮೆಟ್ಟಿಲು ಹಿಡಿದು ಬಾಯಿಯ ಕೊಳವೆ ತೆಗೆದಳು. ಕೆಮ್ಮಿದಳು. ನನ್ನನ್ನು ಗುರುತಿಸಿ ಮೊದಲು ಆಡಿದ ಮಾತು ಇದು: “ಯವ್ವಾ, ದ್ರಾಕ್ಷಿ ಕಟ್ಟಿದೆಲ್ಲಬೇ.”

ನಾನು ಅವಳ ತಲೆ ಹಿಡಿದುಕೊಂಡೆ. ನನ್ನ ಸೀರೆ, ಅವಳ ಕೂದಲು, ಎಲ್ಲ ಕೆಸರು.

ಒಳಗೆ ಏನಾಯಿತು ಎಂದು ಆಮೇಲೆ ಹೇಳಿದಳು. ಕೊನೆಯವರೆಗೆ ಹೋಗಿ ದಾರ ಕಟ್ಟಿ, ತಿರುಗಿ ಐದಾರು ಬಾಣದಷ್ಟು ದೂರ ಬಂದಾಗ, ಉಸಿರಿನ ಗುಳ್ಳೆ ಬಡಿದು ಮೇಲಿನ ಮಣ್ಣು ಉದುರಿತು. ದೀಪ ಇದ್ದೂ ಇಲ್ಲದಂತಾಯಿತು. ಸಿಲಿಂಡರಿನ ಪಟ್ಟಿ ಕಲ್ಲಿಗೆ ಸಿಕ್ಕಿತು. ಅದನ್ನು ಬಿಡಿಸಲು ಎರಡು ಸಲ ಮೈ ಹೊರಳಿಸಿದಳು. ದಾರ ಕೈಯಲ್ಲಿತ್ತು, ಆದರೆ ಯಾವ ಕಡೆ ಬಾವಿ ಎಂಬುದು ತಲೆಯಿಂದ ಹೋಯಿತು. ಕಲಿತ ಹಾಗೆ ಬಾಣ ಹುಡುಕಿ ಮೊನೆ ಮುಟ್ಟಿದಳು, ಅದು ತೋರಿಸಿದ ಕಡೆ ಹೊರಟಳು. ಹೋಗುವಾಗ ಬಾಣಗಳು ಅವಳ ಬೆನ್ನ ಹಿಂದೆ ಬಿಚ್ಚಿಕೊಂಡಿದ್ದರಿಂದ, ವಾಪಸ್ ಹೊರಟಾಗ ದಿಕ್ಕಿನ ಅನುಮಾನವೇ ಇರದಿದ್ದರಿಂದ, ಅವನ್ನು ಅವಳು ನೋಡಿಯೇ ಇರಲಿಲ್ಲ. ಎರಡನೆಯ ಬಾಣವೂ ಅದೇ ಕಡೆ ಹೇಳಿತು. ಮೂರನೆಯದಕ್ಕೆ ಅವಳ ಬೆರಳಿಗೆ ಸುತಳಿಯ ಬಾಲ ಹತ್ತಿತು.

“ಬಾಲ ಸಿಕ್ಕ ಕೂಡಲೇ ಎಳಿಯಾಕ ಹೋದೆ ಬೇ, ಸಣ್ಣಾಕಿ ಇದ್ದಾಗಿನಂಗ,” ಎಂದಳು. “ಎಳಿಯೂ ಮುಂದ ಗೊತ್ತಾತು, ಇದು ನಿನ್ನ ಗಂಟು. ನಿನ್ನ ಗಂಟಿನ ಬಾಲ ಯಾವಾಗರ ಬುಡದ ಕಡೆ ಇರ್ತೈತೇನು? ಮೊನೀನೂ ಬಾಲದ ಕಡೆನ ಐತಿ. ಅಂದರ ನಾ ಕುಡಿ ಕಡೆ, ಒಳಗ ಹೊಂಟೇನಿ. ಅಲ್ಲೇ ತಿರುಗಿದೆ.”

ತಿರುಗಿದ ಮೇಲೂ ಧೈರ್ಯ ಸಾಲದೆ ಪ್ರತಿ ಬಾಣದ ಹತ್ತಿರ ನಿಂತು ಬಾಲ ಮುಟ್ಟಿ ನೋಡುತ್ತಿದ್ದಳಂತೆ. ಮೊನೆ ಒಳಗೆ ಹೋಗು ಎನ್ನುವುದು, ಗಂಟು ಹೊರಗೆ ಹೋಗು ಎನ್ನುವುದು. ಮುಟ್ಟಬಾರದ ಮೂರನೆಯ ಪಾಲಿನ ಗಾಳಿಯಲ್ಲಿ ಅರ್ಧ ಹೋಗಿತ್ತು. ನಾನು ಕಟ್ಟಿದ ಬಾಣಗಳು ಮುಗಿದು ಅವಳವು ಶುರುವಾಗುವ ಜಾಗದಲ್ಲಿ ಗೊಂದಲವಾಗದಿರಲಿ ಎಂದು ಮಾಸ್ತರರು ದೀಪ ಹಿಡಿದು ಕಾಯುತ್ತಿದ್ದರು. ಅವರ ಕೈ ಸಿಕ್ಕ ಮೇಲೆ ಅವಳು ಬಾಣ ಮುಟ್ಟಲಿಲ್ಲ.

ಮೇಲೆ ಸಾಹೇಬರು ಕೇಳಿದಾಗ ನಿಮ್ಮ ಅವ್ವ, “ಕೆಸರ ಬಾಳ ಇತ್ತರಿ, ತಡ ಆತು,” ಎಂದಳು. ಮಾಸ್ತರರೂ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಮಾತ್ರ ಅವಳನ್ನು ಚೆನ್ನಾಗಿ ಬೈದರು. “ಅವ್ವಾರದು ಕೈ ತಪ್ಪು. ನಿಂದು ನೋಡದ ತಪ್ಪು. ನಂದು, ಕೇಳಿ ಸುಮ್ಮನಾಗಿದ್ದು.” ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ನಾಲ್ಕು ನಿಮಿಷ ಸುಮ್ಮನೆ ಕೂತಿದ್ದೆ ಎಂದು ಅವರಿಬ್ಬರಿಗೂ ನಾನು ಹೇಳಲಿಲ್ಲ.

ಸುರಂಗದ ಅಳತೆ ಮುಗಿದಿರಲಿಲ್ಲ, ಎರಡು ದಿನ ಬಿಟ್ಟು ಮತ್ತೆ ಇಳಿಯಲು ಬೇರೆ ದಾರ ಬೇಕಾಯಿತು. ನಿಮ್ಮ ಅವ್ವ ಅದೇ ಕಂಬಗಳಿಗೆ ಹೊಸ ದಾರ ಕಟ್ಟಿ ಸುತಳಿಯನ್ನು ನನ್ನ ಮುಂದೆ ಇಟ್ಟಳು. ನಾನು ಒಲ್ಲೆ ಎಂದೆ.

“ನಿನ್ನ ಗಂಟ ಬೇಕು ನನಗ,” ಎಂದಳು. “ಮೊನಿ ಒಂದು ತಿರುವಿ ಹಚ್ಚು. ಬಾಲ ಹೆಂಗಿತ್ತೋ ಹಂಗ ಇರಲಿ.”

ಹಾಗೇ ಕಟ್ಟಿದೆ. ಮೊನೆ ಬಾವಿಯ ಕಡೆ, ಬಾಲ ಸುರಂಗದ ಕಡೆ. ಪ್ರತಿ ಬಾಣ ಕಟ್ಟಿದ ಮೇಲೆ ನಾನು ಕಣ್ಣು ಮುಚ್ಚಿ ಮುಟ್ಟುವುದು, ಆಮೇಲೆ ಅವಳು ಕಣ್ಣು ಮುಚ್ಚಿ ಮುಟ್ಟುವುದು, ಕೊನೆಗೆ ಮಾಸ್ತರರು. ಆ ಪದ್ಧತಿಯನ್ನು ಅವರು ಇಂದಿಗೂ ಬಿಟ್ಟಿಲ್ಲ. ಆ ಸಲ ಅವಳು ಮೂವತ್ತೊಂದನೆಯ ನಿಮಿಷಕ್ಕೆ ಹೊರಬಂದಳು. ಸುರಂಗ ಟಾಕಿಯ ಜಾಗದ ಅಡಿಯಲ್ಲೇ ಹಾದುಹೋಗಿತ್ತು. ಟಾಕಿಯನ್ನು ಯಜಮಾನರ ಹೊಲದ ಮೂಲೆಗೆ ಸರಿಸಿದರು. ನೀವು ತಿಕೋಟಾದಲ್ಲಿ ಕುಡಿಯುವ ನೀರು ಅಲ್ಲಿಂದಲೇ ಬರುತ್ತದೆ.

ಮೊಳೆಗೆ ತೂಗುಹಾಕಿದ್ದು ಆ ಉಳಿದ ತುಂಡಿನ ಒಂದು ಬಾಣ. ಅದು ಯಾವ ದೇವರದೂ ಅಲ್ಲ, ಚಿಮಣಿ. ಈ ಬೇಸಿಗೆಯಿಂದ ನಿಮ್ಮ ಅವ್ವ ನಿನಗೂ ಮುಳುಗುವುದನ್ನು ಕಲಿಸುತ್ತಾಳಂತೆ. ನಿನ್ನ ದಾರವನ್ನು ಯಾರು ಕಟ್ಟಿಕೊಟ್ಟರೂ, ನಾನೇ ಕಟ್ಟಿಕೊಟ್ಟರೂ, ಮುಟ್ಟಿ ನೋಡದೆ ನೀರಿಗಿಳಿಯಬೇಡ. ಗುಂಡ್ಯಾ, ನೀನು ದಂಡೆಯ ಮೇಲೆ ಕೂತವನಾದರೆ, ತಪ್ಪು ಕಂಡ ಕೂಡಲೇ ಎದ್ದು ಹೇಳು. ದನಿ ಬಾರದಿದ್ದರೆ ಹೋಗಿ ಕೈಯಲ್ಲಿಡು.

ನಾಲ್ಕು ನಿಮಿಷದ ಮಾತನ್ನು ನಿಮ್ಮ ಅವ್ವ ಇದರಲ್ಲೇ ಮೊದಲ ಸಲ ಓದುತ್ತಾಳೆ. ಓದಿದ ಮೇಲೆ ಹಾಳೆಗಳನ್ನು ಅವಳ ಕೈಯಲ್ಲಿ ಬಿಡಬೇಡಿ, ನನ್ನ ಮೇಲಿನ ಮಾಯೆ-ಮಮತೆಗೆ ಹರಿದು ಹಾಕಿಯಾಳು. ನನ್ನ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬಿಗಿ ಮುಚ್ಚಳದ ಒಣದ್ರಾಕ್ಷಿ ಡಬ್ಬಿ ಇದೆ, ಅದರೊಳಗೆ ನೀರು ಹೋಗುವುದಿಲ್ಲ. ಇವನ್ನು ಮಡಚಿ, ಸುತಳಿಯಿಂದ ಕಟ್ಟಿ, ಅದರಲ್ಲಿ ನೀವಿಬ್ಬರೇ ಜೋಪಾನವಾಗಿ ಇಟ್ಟುಕೊಳ್ಳಿ.